ಮೂರನೆಯ ಚೆಂಡು

ನನ್ನ ಬಲಗೈ ಮನೆಯವರಿಗೆಲ್ಲ ಸಂತೋಷ ಕೊಡತೊಡಗಿದ್ದು ಲಕ್ವಾ ಹೊಡೆದ ಎರಡನೆಯ ತಿಂಗಳಲ್ಲಿ. ಅದು ಕೆಡುತ್ತಿದೆ ಎಂದು ನನಗೆ ಗೊತ್ತಾದದ್ದೂ ಅದೇ ತಿಂಗಳಲ್ಲಿ. ಗೊತ್ತಿದ್ದವನು ನಾನೊಬ್ಬನೇ. ನನಗೆ ಮಾತಿರಲಿಲ್ಲ.

ಪೂರ್ತಿ ಇರಲಿಲ್ಲ ಎಂದಲ್ಲ. ‘ಹೂಂ’ ಎಂಬುದೊಂದು ಉಳಿದಿತ್ತು. ನೀರು ಬೇಕೇನು ಎಂದರೆ ಹೂಂ, ಬೇಡವೇನು ಎಂದರೂ ಹೂಂ. ಉಳಿದ ಮಾತುಗಳೆಲ್ಲ ತಲೆಯೊಳಗೆ ಇದ್ದಲ್ಲೇ ಇದ್ದವು. ಹೊರಗೆ ಬರುವ ಕಂಡಿ ಮಾತ್ರ ಈ ಒಂದು ಶಬ್ದದಷ್ಟೇ ಅಗಲವಾಗಿ ಉಳಿದಿತ್ತು. ತಲೆ ಅಲ್ಲಾಡಿಸಬಲ್ಲೆ. ಆದರೆ ಲಕ್ವಾ ಹೊಡೆದವನು ತಲೆ ಅಲ್ಲಾಡಿಸಿದರೆ ಜನ ಅದನ್ನೂ ರೋಗದ ಪಾಲಿಗೇ ಸೇರಿಸುತ್ತಾರೆ.

ನಾನು ದಸ್ತಗೀರಸಾಬ, ಡೋಣಿ ಊರಿನ ನದಾಫ. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕೆಲಸ. ಹಳೆಯ ಗಾದಿ ಬಿಚ್ಚಿದಾಗ ನಾವು ಮೊದಲು ಮಾಡುವುದು ಇದು: ಒಂದು ಹಿಡಿ ಹತ್ತಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಅಮುಕಿ, ಕೈ ಬಿಚ್ಚಿ, ಸುಮ್ಮನೆ ನೋಡುತ್ತ ಕೂಡುವುದು. ಮೆಲ್ಲಗೆ ಮೇಲೆದ್ದು ಅರಳಿದರೆ ಹತ್ತಿಯಲ್ಲಿ ಜೀವವಿದೆ, ಹಿಂಜಿ ಮತ್ತೆ ತುಂಬಬಹುದು. ಅರಳದೆ ಗಂಟಾಗಿಯೇ ಕುಳಿತರೆ ಅದನ್ನು ಬೇರೆ ಗುಡ್ಡೆಗೆ ಎಸೆಯುತ್ತೇವೆ. ಹೆಂಡತಿ ಖೈರುನಬಿ ಮೂವತ್ತು ವರ್ಷ ನನ್ನ ಎದುರು ಕುಳಿತು ಇದನ್ನೇ ಮಾಡಿದ್ದಾಳೆ. ನಮ್ಮ ಮನೆಯಲ್ಲಿ ಕೈ ಅಂದರೆ ಅಮುಕುವುದು, ಜಗ್ಗುವುದು, ಹೊಲಿಯುವುದು. ಸುಮ್ಮನೆ ಬಿಚ್ಚಿಟ್ಟ ಕೈ ಕೆಲಸ ಮುಗಿದ ಕೈ.

ಲಕ್ವಾ ಹೊಡೆದದ್ದು ಕೊರ್ಲಹಳ್ಳಿಯಲ್ಲಿ, ಒಬ್ಬರ ಪಡಸಾಲೆಯಲ್ಲಿ ಗಾದಿಗೆ ಟಾಕು ಹಾಕುತ್ತಿದ್ದಾಗ. ದಬ್ಬಣ ಗಾದಿಯೊಳಗೆ ಅರ್ಧ ಇಳಿದಿತ್ತು. ಇನ್ನರ್ಧ ಇಳಿಸಲು ಕೈಗೆ ಹೇಳಿದೆ. ಕೈ ಕೇಳಲಿಲ್ಲ. ಮನೆಯವರು ಚಹಾ ತಂದಿಟ್ಟು, ‘ಯಾಕ ಸಾಬ್ರ, ಹೊಲಿಯೂದು ಬಿಟ್ಟ ಕುಂತ್ರಿ?’ ಎಂದರು. ‘ಹೂಂ’ ಎಂದೆ. ಅದೇ ಮೊದಲನೆಯದು.

ನಮ್ಮಪ್ಪನಿಗೂ ಲಕ್ವಾ ಹೊಡೆದಿತ್ತು. ಆಗ ನಮ್ಮದು ಧಾರವಾಡ ಜಿಲ್ಲೆ, ಇಂಥ ರೋಗಿಯನ್ನು ಹುಬ್ಬಳ್ಳಿಯವರೆಗೆ ಒಯ್ಯುವ ಮಾತನ್ನು ಯಾರೂ ಎತ್ತಿರಲಿಲ್ಲ. ತಾನೇ ಹೊಲಿದ ಗಾದಿಯ ಮೇಲೆ ಎರಡು ವರ್ಷ ಮಲಗಿದ್ದ. ನನ್ನ ಕಾಲಕ್ಕೆ ಗದಗ ಜಿಲ್ಲೆಯಾಗಿ ಹತ್ತು ವರ್ಷವಾಗಿತ್ತು. ಮಗ ಇಲಿಯಾಸ ಬಾಡಿಗೆಗೆ ಓಡಿಸುವ ಮೂರುಗಾಲಿಯ ಟಂಟಂನಲ್ಲಿ ಅಂದೇ ಗದಗ ಮುಟ್ಟಿದೆ. ಒಂಬತ್ತು ದಿನ ವಾರ್ಡಿನಲ್ಲಿದ್ದೆ. ಮೂರನೆಯ ದಿನ ಬಿಳಿ ಕೋಟಿನ ಹುಡುಗಿಯೊಬ್ಬಳು ಬಂದು, ನನ್ನ ಸತ್ತ ಕೈಯನ್ನು ಯಾರದೋ ಕೂಸನ್ನು ಎತ್ತುವಂತೆ ಎರಡೂ ಕೈಗಳಿಂದ ಎತ್ತಿಕೊಂಡಳು. ನಾಗರತ್ನಾ ಎಂದು ಹೆಸರು, ಬೆಟಗೇರಿಯವಳು. ಕೈಕಾಲು ಹೋದವರಿಗೆ ಅವನ್ನು ಮತ್ತೆ ಆಡಿಸಲು ಕಲಿಸುವ ಫಿಜಿಯೋಥೆರಪಿಯವಳು ಆ ಆಸ್ಪತ್ರೆಗೆಲ್ಲ ಇವಳೊಬ್ಬಳೇ. ವಾರ್ಡಿನ ರೋಗಿಗಳೂ ಇವಳಿಗೇ, ಹೊರಗಿನಿಂದ ಬಂದು ಹೋಗುವವರೂ ಇವಳಿಗೇ.

ನನ್ನನ್ನು ಮಂಚದ ಅಂಚಿಗೆ ಕೂಡಿಸಿ, ಬಲ ಅಂಗೈಯನ್ನು ಹಾಸಿಗೆಯ ಮೇಲೆ ಬೆರಳು ಬಿಚ್ಚಿ ಊರಿಸಿ, ಮೈಭಾರವನ್ನು ಅದರ ಮೇಲೆ ಬಿಡಿಸಿದಳು.

‘ಹಿಂಗ ಖಾಲಿ ಕೈ ಊರಿಕೊಂಡ ಕುಂತ್ರ ಏನ ಬರ್ತೈತ್ರೀ ಬಾಯಾರ?’ ಖೈರುನಬಿ ಕೇಳಿದಳು.

‘ಕೈ ಬರ್ತೈತ್ರಿ.’

‘ಯಾವಾಗ?’

ನಾಗರತ್ನಾ ನನ್ನ ಬೆರಳುಗಳನ್ನು ಇನ್ನಷ್ಟು ಬಿಚ್ಚಿ ಊರಿಸಿದಳು. ‘ನೋಡ್ರಿ ಅಮ್ಮಾ, ಬರೂದು ಬಹಳಷ್ಟು ಮೊದಲಿನ ಆರ ತಿಂಗಳದಾಗ ಬರ್ತೈತಿ. ಆಮ್ಯಾಲೆ ಬರಂಗಿಲ್ಲ ಅಂತಲ್ಲ, ಆದ್ರ ಬಾಳ ತ್ರಾಸು. ಈ ಆರ ತಿಂಗಳ ಹಾಳ ಮಾಡಬ್ಯಾಡ್ರಿ. ವಾರಕ್ಕ ಎರಡ ಸಲ ಕರ್ಕೊಂಡ ಬರ್ರಿ.’

ಆರು ತಿಂಗಳು. ಆ ಲೆಕ್ಕವನ್ನು ನಾನು ಅಂದಿನಿಂದಲೇ ಇಟ್ಟೆ. ಬೇರೆ ಮಾಡಲು ಏನಿತ್ತು?

ಆರು ಸಲ ಹೋಗಿ ಬಂದೆವು. ಕಾಲು ಬಂತು, ಕೋಲು ಊರಿ ಬಾಗಿಲವರೆಗೆ ನಡೆಯುವಷ್ಟು. ಕೈ ಮಾತ್ರ ತೂಗುಬಿದ್ದಿತ್ತು. ಆರನೆಯ ಸಲ ಇಲಿಯಾಸ ನನ್ನನ್ನು ಬೆಂಚಿನ ಮೇಲೆ ಕೂಡಿಸಿ, ಗೇಟಿಗೆ ಅಡ್ಡ ನಿಲ್ಲಿಸಿದ್ದ ಟಂಟಂ ಸರಿಸಲು ಹೊರಗೆ ಹೋದ. ನನ್ನ ಪಾಳಿ ಬಂತು. ನಾಗರತ್ನಾ ಕೈ ಹಿಡಿದವಳು ಹುಬ್ಬು ಗಂಟಿಕ್ಕಿದಳು. ಬೆರಳುಗಳನ್ನು ಹಿಂದಕ್ಕೆ ಎಳೆದು ಬಿಟ್ಟಳು. ಅವು ರಬ್ಬರಿನಂತೆ ತಿರುಗಿ ಒಳಗೆ ಸುತ್ತಿಕೊಂಡವು.

‘ಕಾಕಾ, ಇದು ಬಿಗಿಯಾಕ ಹತ್ತೈತಿ. ಕೇಳ್ರಿ ಇಲ್ಲಿ. ಇದು ಶಕ್ತಿ ಅಲ್ಲ. ಹಿಡಿಯೂದು ತಂತಾನ ಬರ್ತೈತಿ, ಬಿಡೂದು ಬರಂಗಿಲ್ಲ. ಬಿಡೂದನ್ನ ಕಲಸಬೇಕು. ಊರಾಗ ಯಾರರ ಚೆಂಡ ಹಿಚಕು ಅಂತಾರ, ಎಲ್ಲಾರೂ ಅದನ್ನ ಹೇಳತಾರ. ಹಿಚಕಬ್ಯಾಡ್ರಿ. ಹಿಚಕಿದಷ್ಟೂ ಮುಷ್ಟಿ ಕಲ್ಲ ಆಗ್ತೈತಿ.’

ಆಮೇಲೆ ಬಿಡಿಸುವುದನ್ನು ತೋರಿಸಿದಳು. ‘ಬೆರಳ ಜಗ್ಗಬಾರದು. ಮೊದಲ ಮಣಿಕಟ್ಟ ಒಳಗ ಬಗ್ಗಸಬೇಕು, ಹಿಂಗ. ಆಮ್ಯಾಲೆ ಹೆಬ್ಬಟ್ಟನ್ನ ಬುಡಕ್ಕ ಹಿಡದ ಹೊರಗ ತರಬೇಕು. ಬೆರಳ ತಾವ ಸಡ್ಲ ಆಗ್ತಾವು.’ ಸಡಿಲಾದವು. ನನ್ನ ಅಂಗೈ ನನ್ನೆದುರು ತೆರೆದುಕೊಂಡಿತು.

‘ಮಗ ಎಲ್ಲಿ ಹೋದ? ಅವಗ ತೋರಸಬೇಕು.’

‘ಹೂಂ’ ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನ ಇದ್ದರು, ಶಿರಹಟ್ಟಿಯಿಂದ ಬಂದವಳೊಬ್ಬಳು ಭುಜ ಹಿಡಿದುಕೊಂಡು ಆಗಲೇ ನರಳುತ್ತಿದ್ದಳು. ‘ಆತು, ಬರೂ ಸೋಮವಾರ ಕಾಕೂನ್ನ ಕರ್ಕೊಂಡ ಬರ್ರಿ. ಅವರ ಕೈಯಿಂದನ ಮಾಡಸ್ತೀನಿ.’

ಇಲಿಯಾಸ ಬಂದ. ‘ಏನಂದ್ರಪ್ಪಾ?’ ಎಂದ.

‘ಹೂಂ.’

‘ಚಲೋ ಐತಿ ಅಂದ್ರ?’

‘ಹೂಂ.’

ದಾರಿಯುದ್ದಕ್ಕೂ ಎಡಗೈಯಿಂದ ಅವನ ಭುಜ ಬಡಿದೆ, ಬಲಗೈ ತೋರಿಸಿದೆ, ಹಿಂದೆ ತೋರಿಸಿದೆ. ‘ಉಚ್ಚಿ ಬಂತೇನಪ್ಪಾ?’ ಎಂದು ಎರಡು ಕಡೆ ಟಂಟಂ ನಿಲ್ಲಿಸಿದ.

ಆ ಭಾನುವಾರವೇ ಹನಮಪ್ಪ ಬಂದ. ಹನಮಪ್ಪ ನನ್ನ ಗೆಳೆಯ, ಒಂದು ಕಾಲದ ಪೈಲ್ವಾನ. ಮುಂಡರಗಿ ಸೀಮೆಯಲ್ಲಿ ಅವನ ಹಿಡಿತದಿಂದ ಬಿಡಿಸಿಕೊಂಡವರಿಲ್ಲ ಎಂದು ಅವನೇ ಹೇಳುತ್ತಾನೆ. ನನ್ನ ಮುಂದೆ ಕುಳಿತು, ‘ಏನೋ ಸಾಬಾ, ಸೊಸಿ ಕೈಲೆ ತುತ್ತ ಉಣಕೋತ ಮಾರಾಜ ಆಗಿಯಲ್ಲಲೇ. ಹಿಡಿ ಕೈ, ನೋಡೂಣು’ ಎಂದು ತನ್ನ ಎರಡು ಬೆರಳುಗಳನ್ನು ನನ್ನ ಅಂಗೈಯಲ್ಲಿಟ್ಟ. ಅದೇ ಹೊತ್ತಿಗೆ ನನಗೆ ಆಕಳಿಕೆ ಬಂತು. ಆಕಳಿಸಿದಾಗ ಕೈ ತಾನಾಗಿ ಎದೆಯ ಕಡೆಗೆ ಮಡಚಿಕೊಂಡು, ಅವನ ಬೆರಳುಗಳನ್ನು ಕಚ್ಚಿಕೊಂಡಿತು.

‘ಏ ಹಿಡದಾ! ಖೈರವ್ವಾ, ಬಾ ಇಲ್ಲೆ, ನಿನ್ನ ಗಂಡ ನನ್ನ ಹಿಡದಾನ! ಬಿಡಲೇ, ಮುರದೀ!’

ಖೈರುನಬಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸೊಸೆ ಶಾಹಿಸ್ತಾ ಬಂದಳು. ಅವಳ ಸೊಂಟದ ಮೇಲೆ ಮೂರು ವರ್ಷದ ಮೊಮ್ಮಗಳು ಆಯೇಶಾ. ನನ್ನ ಮುಷ್ಟಿಯಲ್ಲಿ ಸಿಕ್ಕ ಹನಮಪ್ಪನ ಬೆರಳುಗಳನ್ನು ಎಲ್ಲರೂ ಬಾಗಿ ನೋಡಿದರು. ಖೈರುನಬಿಯ ಕಣ್ಣಲ್ಲಿ ನೀರು ಬಂತು. ಲಕ್ವಾ ಹೊಡೆದಾಗಿನಿಂದ ಆ ಮುಖದ ಮೇಲೆ ನಗು ನೋಡಿದ್ದು ಅದೇ ಮೊದಲು. ತಲೆ ಅಲ್ಲಾಡಿಸಿದೆ. ‘ನೋಡ, ತನಗ ನಂಬಿಕಿ ಬರವಲ್ದು’ ಎಂದ ಹನಮಪ್ಪ.

ಬೆರಳು ಬಿಡಿಸಿಕೊಂಡು ಬಾಯಿಂದ ಊದಿಕೊಳ್ಳುತ್ತ ಅವನು ಹೇಳಿದ: ‘ಗರಡಿಮನ್ಯಾಗ ನಾವ ಏನ ಮಾಡತಿದ್ವಿ ಹೇಳು? ಹಿಡತಕ್ಕ ಚೆಂಡು. ದಿನಾ ನೂರ ಸಲ ಹಿಚಕಬೇಕು. ಒಂದ ಚೆಂಡ ಮಾಡಿಕೊಡವಾ ತಂಗಿ, ಮೂರ ತಿಂಗಳದಾಗ ದಬ್ಬಣ ಹಿಡಿಲಿಲ್ಲಂದ್ರ ನನ್ನ ಮೀಸಿ ಬೋಳಸ್ತೀನಿ.’

‘ಸೋಮವಾರ ಗದಗಕ್ಕ ಹೋಗೂದೈತಿ’ ಎಂದಳು ಶಾಹಿಸ್ತಾ.

‘ಕೈ ಬಂತಲ್ಲವಾ. ಬಂದ ಕೈಗೆ ಮತ್ತ ದವಾಖಾನಿ ಯಾಕ?’

‘ಹೂಂ’ ಎಂದೆ ನಾನು. ಬೇಡ ಎನ್ನಲು ಬಾಯಿ ತೆರೆದಿದ್ದೆ.

ಸೋಮವಾರ ಇಲಿಯಾಸನಿಗೆ ಮುಂಡರಗಿ ಸಂತೆಯ ಬಾಡಿಗೆ ಸಿಕ್ಕಿತ್ತು, ಟಂಟಂ ಆ ಕಡೆ ಹೋಯಿತು. ಅದರ ಮುಂದಿನ ಗುರುವಾರವೂ ಗದಗಿಗೆ ಹೊರಡಲಿಲ್ಲ. ಯಾರಿಗೂ ಬೇಸರವಾಗಿರಲಿಲ್ಲ, ಯಾರೂ ನನ್ನನ್ನು ಕೈಬಿಟ್ಟಿರಲಿಲ್ಲ. ಖುಷಿಯಾಗಿದ್ದರು, ಅಷ್ಟೇ.

ಚೆಂಡನ್ನು ಖೈರುನಬಿ ಬಜಾರದಿಂದ ತರಿಸಲಿಲ್ಲ. ನದಾಫರ ಮನೆಯಲ್ಲಿ ರಬ್ಬರು ಯಾಕೆ? ಅಟ್ಟದ ಮೇಲಿಂದ ಜಯಧರ ತಳಿಯ ಹತ್ತಿ ಇಳಿಸಿ, ಹಿಂಜಿ, ಗಾದಿಯ ಪಟ್ಟೆಬಟ್ಟೆಯ ಚೀಲದೊಳಗೆ ಒಂದೊಂದೇ ಎಸಳು ತುರುಕಿದಳು. ಮೂವತ್ತು ವರ್ಷದ ಕಸುಬೆಲ್ಲ ಆ ಚೆಂಡಿಗೆ ಹಾಕಿದಳು. ನಿಂಬೆಹಣ್ಣಿಗಿಂತ ದೊಡ್ಡದು, ಕಲ್ಲಿನಷ್ಟಲ್ಲದಿದ್ದರೂ ಗಟ್ಟಿ. ತನ್ನ ಕೈಯಲ್ಲಿ ಅಮುಕಿ, ಬಿಟ್ಟು, ಅದು ತಿರುಗಿ ಉಬ್ಬುವುದನ್ನು ನೋಡಿ ತೃಪ್ತಿಪಟ್ಟಳು. ಆಮೇಲೆ ನನ್ನ ಕೈಯೊಳಗಿಟ್ಟು, ‘ಹಿಚಕ್ರಿ’ ಎಂದಳು.

ಹಿಚಕಲು ನಾನು ಏನೂ ಮಾಡಬೇಕಿರಲಿಲ್ಲ. ಕೈಯೇ ಹಿಚಕುತ್ತಿತ್ತು. ನನ್ನ ತೋಳಿನ ತುದಿಯಲ್ಲಿ ಯಾವುದೋ ಪ್ರಾಣಿ ಗೂಡುಕಟ್ಟಿತ್ತು, ಅದಕ್ಕೆ ಇವರು ದಿನವೂ ಉಣಿಸುತ್ತಿದ್ದರು. ಒಂದು ಹಿಚಕು ಮುಗಿದ ಮೇಲೆ ಅದು ತಾನಾಗಿ ಬಿಡುತ್ತಿರಲಿಲ್ಲ, ಖೈರುನಬಿ ಚೆಂಡನ್ನು ಜಗ್ಗಿ ಸಡಿಲಿಸಿ ಮತ್ತೆ ತುರುಕುವಳು. ಶಾಹಿಸ್ತಾ ಒಲೆಯ ಮುಂದಿನಿಂದಲೇ ಎಣಿಸುವಳು. ಆಯೇಶಾ ಅವಳ ಹಿಂದೆ ಎಣಿಸುವಳು: ‘ಒಂದು, ಎರಡು, ನಾಕು.’ ಮೂರು ಆ ಹುಡುಗಿಯ ಬಾಯಿಗೆ ಬಂದೇ ಇರಲಿಲ್ಲ.

ಮೊದಲನೆಯ ಚೆಂಡನ್ನು ನಾನು ಮನೆಯ ಮುಂದಿನ ನೀರಿನ ಹೌದದಲ್ಲಿ ಎಸೆದೆ. ಕೋಲೂರಿ ಅಲ್ಲಿಯವರೆಗೆ ಹೋಗಲು, ಎಡಗೈಯಿಂದ ಅದನ್ನು ಕಿತ್ತು ತೆಗೆಯಲು ಒಂದು ಮುಂಜಾನೆ ಹಿಡಿಯಿತು. ನೀರುಂಡ ಚೆಂಡನ್ನು ಖೈರುನಬಿ ಎತ್ತಿ ಹಿಂಡಿ ನೋಡಿದಳು. ‘ಬಿತ್ತೇನ್ರಿ? ಇರ್ಲಿ ತಗೋರಿ, ಇನ್ನೊಂದ ಮಾಡ್ತೀನಿ.’

ಎರಡನೆಯದನ್ನು ಬಚ್ಚಲ ಒಲೆಗೆ ಹಾಕಿದೆ. ಹತ್ತಿ ಸುಟ್ಟ ವಾಸನೆ ನದಾಫರ ಮನೆಯಲ್ಲಿ ಸಾವಿನ ಸುದ್ದಿಯಿದ್ದಂತೆ. ಶಾಹಿಸ್ತಾ ಕೂಸನ್ನು ಎತ್ತಿಕೊಂಡು ಬೀದಿಗೆ ಓಡಿದಳು, ಇಲಿಯಾಸ ಕೊಡ ಹಿಡಿದು ಅಟ್ಟ ಹತ್ತಿದ. ಹೊಗೆ ಬರುತ್ತಿದ್ದುದು ಎಲ್ಲಿಂದ ಎಂದು ಗೊತ್ತಾದ ಮೇಲೆ ಖೈರುನಬಿ ನನ್ನ ಎದುರು ಕುಳಿತಳು.

‘ಯಾಕ್ರಿ? ನಾ ಏನ ತಪ್ಪ ಮಾಡೇನಿ? ನಿಮಗ ಕೈ ಬ್ಯಾಡೇನ?’

ಬಲಗೈಯನ್ನು ಎಡಗೈಯಿಂದ ಎತ್ತಿದೆ. ನಾಗರತ್ನಾ ತೋರಿಸಿದ ಹಾಗೆ ಮಣಿಕಟ್ಟನ್ನು ಬಗ್ಗಿಸಿದೆ. ನೋಡು, ಹೀಗೆ, ಹೀಗೆ ಮಾಡಬೇಕು. ಬೆರಳುಗಳು ನಡುಗುತ್ತ ಒಂದಿಷ್ಟು ಸಡಿಲಾದವು. ಅವಳು ಕಂಡದ್ದು ಗಂಡ ಸಿಟ್ಟಿನಿಂದ ತನ್ನ ಕೈಯನ್ನು ತಿರುಚಿಕೊಳ್ಳುತ್ತಿರುವುದನ್ನು.

‘ಇಲಿಯಾಸಾ! ಬಾರೋ ಜಲ್ದಿ! ನಿಮ್ಮಪ್ಪ ಬಂದ ಕೈ ಮುರಕೊಳ್ಳಾಕ ಹತ್ಯಾರ!’

ಇಲಿಯಾಸ ನನ್ನ ಎಡಗೈಯನ್ನು ಹಿಡಿದು ಬಿಡಿಸಿದ. ಬೈಯಲಿಲ್ಲ. ತಲೆ ಸವರಿದ. ಅಂದಿನಿಂದ ನನ್ನ ಎಡಗೈ ಬಲಗೈಯ ಹತ್ತಿರ ಹೋದಾಗಲೆಲ್ಲ ಮನೆಯವರು ಅದನ್ನು ಮೆತ್ತಗೆ ತೆಗೆದು ಮಡಿಲಲ್ಲಿಡುತ್ತಿದ್ದರು.

ಮೂರನೆಯ ಚೆಂಡಿಗೆ ಖೈರುನಬಿ ಒಂದು ದಾರ ಹೊಲಿದಳು. ದಾರದ ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ, ದರ್ಗಾದಿಂದ ತಂದ ತಾಯಿತದ ಪಕ್ಕದಲ್ಲೇ ಕಟ್ಟಿದಳು. ಗಂಟನ್ನು ಗಾದಿಯ ಗಂಟಿನಂತೆ ಹಾಕಿದಳು, ಒಂದು ಕೈಯಿಂದ ಬಿಚ್ಚಲಾಗದಂತೆ. ಆ ಗಂಟು ಅವಳಿಗೆ ಕಲಿಸಿದವನು ನಾನು.

ಹೀಗೆ ಮೂರನೆಯ ತಿಂಗಳು ಹೋಯಿತು. ನಾಲ್ಕನೆಯದು ಹೋಯಿತು. ಬಾಗಿಲಲ್ಲಿ ಕುಳಿತರೆ ಕಪ್ಪತಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸಿದ ಗಾಳಿಯಂತ್ರಗಳು ಕಾಣುತ್ತವೆ. ಅವುಗಳ ರೆಕ್ಕೆ ತಿರುಗುವುದನ್ನು ನೋಡಿ ದಿನಗಳನ್ನು ಕಳೆಯುತ್ತಿದ್ದೆ, ಕಳೆಯುವುದೆಂದರೆ ನನ್ನ ಆರು ತಿಂಗಳಿನಿಂದ ಕಳೆಯುವುದು. ಎಪ್ಪತ್ತು ಉಳಿದವು. ಐವತ್ತು. ಮುಷ್ಟಿ ಎದೆಗೆ ಅಂಟಿಕೊಂಡಿತು, ಮೊಣಕೈ ಮಡಚಿ ನಿಂತಿತು. ಕೈ ತೊಳೆಯಲು ಖೈರುನಬಿ ಬಟ್ಟೆಯ ತುದಿಯನ್ನು ಹೊಸೆದು ಬೆರಳುಗಳ ಸಂದಿಯಲ್ಲಿ ತೂರಿಸಿ ಆ ಕಡೆಯಿಂದ ಎಳೆಯಬೇಕಾಯಿತು. ಮುಷ್ಟಿಯೊಳಗಿನಿಂದ ಮುಗ್ಗಿದ ಹಿಟ್ಟಿನ ವಾಸನೆ ಬರುತ್ತಿತ್ತು. ಉಗುರುಗಳು ಅಂಗೈಯೊಳಗೆ ಎಲ್ಲೋ ನೆಟ್ಟಿವೆ ಎಂದು ನನಗೆ ಗೊತ್ತಾಗುತ್ತಿತ್ತು, ನೋವಿನಿಂದಲ್ಲ, ಬಟ್ಟೆಗೆ ಹತ್ತಿದ ಕೆಂಪಿನಿಂದ.

‘ಭಾಳ ಬಿಗಿ ಆತಲ್ಲೋ ಹನಮಣ್ಣಾ’ ಎಂದಳು ಒಮ್ಮೆ.

‘ಕಬ್ಬಿಣ ಆಗಾಕತ್ತೈತಿ ತಂಗಿ. ಕುಸ್ತಿ ಗೆದ್ದಾವಗ ಕೊಡೂ ಗದಿ ತಗೊಂಡ ಬರ್ಲೇನ?’

ಅವಳು ನಕ್ಕಳು. ನಗು ಮುಗಿದ ಮೇಲೂ ಮುಷ್ಟಿಯನ್ನೇ ನೋಡುತ್ತಿದ್ದಳು. ನಾನು ಅವಳ ಕಣ್ಣನ್ನು ಹಿಡಿಯಲು ನೋಡಿದೆ. ಮೂವತ್ತು ವರ್ಷ ಎದುರು ಕುಳಿತು ಹತ್ತಿ ಅಮುಕಿದವಳೇ, ಇದು ಅರಳುತ್ತಿಲ್ಲ, ಕಾಣುತ್ತಿಲ್ಲವೇ? ಅವಳು ಎದ್ದು ಹೋಗಿ ನನ್ನ ತಾಟಿಗೆ ರೊಟ್ಟಿ ಮುರಿದಳು.

ಐದು ತಿಂಗಳು ಹನ್ನೊಂದು ದಿನಕ್ಕೆ ಆದದ್ದನ್ನು ಹೇಳುತ್ತೇನೆ.

ಮಧ್ಯಾಹ್ನ. ಶಾಹಿಸ್ತಾ ಒಳಗೆ ಅಕ್ಕಿ ಹಸನು ಮಾಡುತ್ತಿದ್ದಳು. ಖೈರುನಬಿ ಅಂಗಳದಲ್ಲಿ ಒಂದು ದಿಂಬಿನ ಹತ್ತಿ ಬಡಿಯುತ್ತಿದ್ದಳು. ಇಲಿಯಾಸ ಮತ್ತು ಹನಮಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಆಯೇಶಾ ನನ್ನ ಮಂಚ ಹತ್ತಿದಳು. ಅವಳಿಗೆ ಚೆಂಡು ಬೇಕಿತ್ತು. ನನ್ನ ಬೆರಳುಗಳಿಗೂ ಚೆಂಡಿಗೂ ನಡುವೆ ತನ್ನ ತೋರುಬೆರಳು ತೂರಿಸಿ ಕೆದಕತೊಡಗಿದಳು. ‘ಕೊಡ ಅಜ್ಜಾ, ನಂದದು.’ ಎಡಗೈಯಿಂದ ಅವಳನ್ನು ದೂರ ಸರಿಸಿದೆ. ಆಟವೆಂದು ಕಿಲಕಿಲ ನಕ್ಕು ಮತ್ತೆ ಬಂದಳು. ಅಂಗಳದಿಂದ ಹತ್ತಿಯ ಧೂಳು ಹಾರಿ ಒಳಗೆ ಬಂತು.

ಸೀನಿದೆ.

ಮುಷ್ಟಿ ಮುಚ್ಚಿಕೊಂಡಿತು, ಅವಳ ಬೆರಳಿನ ಸಮೇತ.

ಮೊದಲು ಅವಳು ಅಳಲಿಲ್ಲ. ನನ್ನ ಮುಖ ನೋಡಿದಳು, ಅಜ್ಜ ಈಗ ಬಿಡುತ್ತಾನೆ ಎಂದು. ಆಮೇಲೆ ಕಿರುಚಿದಳು. ಅವಳು ಕಿರುಚಿದಷ್ಟೂ ನಾನು ಹೆದರುತ್ತಿದ್ದೆ. ನಾನು ಹೆದರಿದಷ್ಟೂ ಅದು ಬಿಗಿಯುತ್ತಿತ್ತು. ಬಿಡು ಎಂದು ಕೈಗೆ ಹೇಳಿದೆ, ಬೇಡಿಕೊಂಡೆ, ಬೈದೆ. ಆ ದಿಕ್ಕಿನಲ್ಲಿ ಕೇಳುವವರು ಯಾರೂ ಇರಲಿಲ್ಲ.

‘ಮಾವಾ, ಬಿಡ್ರಿ! ಕೂಸಿನ ಬೆರಳ ಮಾವಾ!’ ಶಾಹಿಸ್ತಾ ಬಂದು ಮಗಳನ್ನು ಎಳೆದಳು. ಎಳೆದಾಗ ಹುಡುಗಿಯ ಕೂಗು ಬೇರೆಯೇ ಆಯಿತು. ಬಿಟ್ಟಳು.

‘ಅಪ್ಪಾ, ಬಿಡಪ್ಪಾ!’ ಇಲಿಯಾಸ ಕಟ್ಟೆಯಿಂದ ಓಡಿಬಂದ, ಹಿಂದೆ ಹನಮಪ್ಪ.

‘ಹೂಂ’ ಎಂದೆ.

‘ಹೂಂ ಅಂತೀ, ಬಿಡವಲ್ಲಿ!’

ಹನಮಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಲು ಹೋದ. ಅವನ ಹಣೆಯ ನರ ಉಬ್ಬಿತು. ಒಂದು ಬೆರಳು ಅರ್ಧ ಎದ್ದರೆ ಉಳಿದ ಮೂರು ಇನ್ನಷ್ಟು ಒಳಗೆ ಹೋದವು. ‘ಏನ ಹಿಡದಾನೋ ಯಪ್ಪಾ ಇಂವಾ... ಬಿಡೋ ದಸ್ತಗೀರಾ, ನಿನ್ನ ಕಾಲ ಬೀಳ್ತೀನಿ.’ ಮೊದಲ ಬಾರಿಗೆ ಅವನ ದನಿಯಲ್ಲಿ ಹಾಸ್ಯವಿರಲಿಲ್ಲ. ಎಣ್ಣೆ ತನ್ನಿ ಎಂದು ಯಾರೋ ಕೂಗಿದರು. ಖೈರುನಬಿ ಡಬ್ಬಿಯನ್ನೇ ಸುರಿದಳು. ಎಣ್ಣೆ ಮುಷ್ಟಿಯ ಮೇಲಿನಿಂದ ಹರಿದು ನನ್ನ ಲುಂಗಿಗೆ ಇಳಿಯಿತು.

ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದೆ. ಬಗ್ಗಿಸಬೇಕು. ಅಷ್ಟೇ ಬೇಕಾದದ್ದು. ಆದರೆ ಇಲಿಯಾಸನಿಗೆ ಕಂಡದ್ದು ನಾನು ಕೂಸಿನ ಬೆರಳನ್ನು ಇನ್ನಷ್ಟು ತಿರುಚುತ್ತಿರುವುದು. ನನ್ನ ಎಡಗೈಯನ್ನು ಕಿತ್ತು ತೆಗೆದ. ಮತ್ತೆ ಹಿಡಿದೆ. ಮತ್ತೆ ತೆಗೆದ. ಮೂರನೆಯ ಸಲ ಅವನು ನನ್ನ ಕೆನ್ನೆಗೆ ಹೊಡೆದ.

ಎಲ್ಲರೂ ನಿಂತರು. ಕೂಸು ಕೂಡ ಒಂದು ಕ್ಷಣ ಉಸಿರು ಹಿಡಿಯಿತು. ಇಲಿಯಾಸ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ, ಅದು ಯಾರದು ಎಂಬಂತೆ. ಮಗನೇ, ನಿನ್ನ ಕೈಯೂ ನಿನ್ನ ಮಾತು ಕೇಳಲಿಲ್ಲವೇ ಎನ್ನಬೇಕಿತ್ತು. ‘ಹೂಂ’ ಎಂದೆ.

ಆ ಒಂದು ಕ್ಷಣದಲ್ಲೇ ನಾನು ಮಾಡಬೇಕಾದ್ದನ್ನು ಮಾಡಿದೆ. ಮುಷ್ಟಿಯ ಬೆನ್ನನ್ನು ಮಂಚದ ಪಟ್ಟಿಗೆ ಒತ್ತಿ, ಇಡೀ ಮೈಯನ್ನು ಅದರ ಮೇಲೆ ಚೆಲ್ಲಿದೆ. ಮಣಿಕಟ್ಟು ಬಗ್ಗಿತು. ಒಳಗೆ ಏನೋ ಲಟಕ್ಕೆಂದಿತು. ಹೆಬ್ಬೆರಳಿನ ಬುಡಕ್ಕೆ ಹಲ್ಲು ಹಾಕಿ ಹೊರಗೆ ಎಳೆದೆ. ನಾಲ್ಕೂ ಬೆರಳುಗಳು, ಎಣ್ಣೆ ಸುರಿಸುತ್ತ, ಸಡಿಲಾದವು. ಶಾಹಿಸ್ತಾ ಮಗಳನ್ನು ಕಸಿದುಕೊಂಡಳು. ಆಯೇಶಾಳ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಖೈರುನಬಿ ಮಾತ್ರ ಕೂಸನ್ನು ನೋಡುತ್ತಿರಲಿಲ್ಲ. ನನ್ನ ಬಗ್ಗಿದ ಮಣಿಕಟ್ಟನ್ನು ನೋಡುತ್ತಿದ್ದಳು. ಆಮೇಲೆ ಹಲ್ಲಿನ ಗುರುತು ಬಿದ್ದ ಹೆಬ್ಬೆರಳನ್ನು. ಬಚ್ಚಲ ಒಲೆಯ ದಿನ ಇದನ್ನೇ ಕಂಡಿದ್ದಳು.

‘ನಿಮಗ ಗೊತ್ತಿತ್ತ?’

‘ಹೂಂ.’

‘ದವಾಖಾನಿ ಬಾಯಾರ ಹೇಳಿದ್ರ?’

‘ಹೂಂ.’

‘ಚೆಂಡ... ಬ್ಯಾಡ ಅಂದಿದ್ರ?’

‘ಹೂಂ.’ ಐದು ತಿಂಗಳಲ್ಲಿ ಯಾರೋ ಸರಿಯಾದ ಪ್ರಶ್ನೆ ಕೇಳಿದ್ದರು. ಬಾಯಿ ಮುಚ್ಚಲಾಗದೆ ಹೂಂ, ಹೂಂ, ಹೂಂ ಎನ್ನುತ್ತಲೇ ಇದ್ದೆ. ಅವಳು ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಆ ಕೈ ಹತ್ತಿಯ ಧೂಳಿನಿಂದ ಬೆಳ್ಳಗಿತ್ತು.

ಆ ಸಂಜೆಯೇ ಗದಗಿಗೆ ಹೋಗಿ ಕೂಸಿನ ಬೆರಳಿನ ಎಕ್ಸರೇ ತೆಗೆಸಿಕೊಂಡು ಬಂದರು, ಎಲುಬು ಮುರಿದಿರಲಿಲ್ಲ. ಮರುದಿನ ಎಲ್ಲರೂ ಟಂಟಂ ಹತ್ತಿದೆವು. ಆಯೇಶಾ ಬ್ಯಾಂಡೇಜಿನ ಬೆರಳನ್ನು ಮೇಲೆತ್ತಿ ಹಿಡಿದು, ನನ್ನಿಂದ ಎಷ್ಟು ದೂರ ಕೂಡಬಹುದೋ ಅಷ್ಟು ದೂರ ಕುಳಿತಳು. ಇಲಿಯಾಸ ಕನ್ನಡಿಯಲ್ಲಿ ನನ್ನ ಮುಖ ಕಾಣದಂತೆ ಅದನ್ನು ತಿರುಗಿಸಿಟ್ಟುಕೊಂಡಿದ್ದ. ದಾರಿಯಲ್ಲಿ ಖೈರುನಬಿ, ನನ್ನ ಮಣಿಕಟ್ಟಿನಿಂದ ಬಿಚ್ಚಿ ತೆಗೆದ ಚೆಂಡಿನ ಹೊಲಿಗೆಯನ್ನು ಹಲ್ಲಿನಿಂದ ಕಡಿದು, ಒಂದು ಚೂರು ಹತ್ತಿ ಹೊರತೆಗೆದು, ಅಮುಕಿ, ಅಂಗೈ ಬಿಚ್ಚಿದಳು. ನೋಡುತ್ತ ಕುಳಿತಳು. ಟಂಟಂ ಎಷ್ಟು ಕುಲುಕಿದರೂ ಅದು ಅರಳಲಿಲ್ಲ. ಅವಳು ಅದನ್ನು ಎಸೆಯಲೂ ಇಲ್ಲ, ಚೀಲಕ್ಕೆ ಮರಳಿ ತುಂಬಲೂ ಇಲ್ಲ.

ಬೆಂಚು ಎಂದಿನಂತೆ ತುಂಬಿತ್ತು. ನಾಗರತ್ನಾ ಸಣಕಲಾಗಿದ್ದಳು. ನನ್ನ ಮುಷ್ಟಿ ನೋಡಿ, ಆಮೇಲೆ ನನ್ನ ಮುಖ ನೋಡಿ, ಎದುರಿನ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

‘ಎಲ್ಲಿ ಹೋಗಿದ್ರಿ ಕಾಕಾ ಇಷ್ಟ ದಿನ?’

ಖೈರುನಬಿ ಬಿಚ್ಚಿದ ಚೆಂಡನ್ನು ಮೇಜಿನ ಮೇಲಿಟ್ಟಳು. ‘ನಾನ ಮಾಡಿದ್ದು’ ಎಂದಳು. ‘ಮೂರ ಮಾಡೇನಿ. ಇವರು ಎರಡ ಒಗದ್ರು. ಮೂರನೇದ್ದನ್ನ ನಾನ ಕಟ್ಟಿದೆ.’

ನಾಗರತ್ನಾ ಚೆಂಡನ್ನು ಎತ್ತಿ ನೋಡಿದಳು. ಬೈಯುತ್ತಾಳೆಂದು ಕಾದೆವು. ‘ಎಷ್ಟ ಚಂದ ಹೊಲದೀರಿ’ ಎಂದಳು. ‘ನಂದೂ ತಪ್ಪೈತಿ. ಅವತ್ತ ನಿಮ್ಮ ಮಗ ಬರೂತನಕ ನಿಲ್ಲಬೇಕಿತ್ತು ನಾ. ಒಂದ ಐದ ಮಿನಿಟ.’

‘ನಾ ಗಾಡಿ ಸರಸಾಕ ಹೋಗಿದ್ದೆ’ ಎಂದ ಇಲಿಯಾಸ, ಗೋಡೆಗೆ ಹೇಳುವಂತೆ.

‘ಕೈ ಬರ್ತೈತೇನ್ರಿ?’ ಖೈರುನಬಿ ಕೇಳಿದಳು.

‘ದಬ್ಬಣ ಹಿಡೀತಾರ ಅಂತ ನಾ ಹೇಳಂಗಿಲ್ಲ ಅಮ್ಮಾ. ಸುಳ್ಳ ಹೇಳಂಗಿಲ್ಲ. ತೊಳಿಯಾಕ ಬರೂವಷ್ಟ, ಅಂಗಿ ತೋಳಾಗ ತೂರೂವಷ್ಟ ಬಿಚ್ಚಿದ್ರ ದೊಡ್ಡದು. ಅದೂ ದಿನಾ ಮಾಡಿದ್ರ.’

ದಿನಾ. ನನ್ನ ಲೆಕ್ಕದಲ್ಲಿ ಹದಿನೆಂಟು ದಿನ ಉಳಿದಿದ್ದವು.

‘ಮಾಡಸ್ರಿ ನನ್ನ ಕೈಲೆ’ ಎಂದಳು ಖೈರುನಬಿ.

ನಾಗರತ್ನಾ ಅವಳ ಕೈಗಳನ್ನು ನನ್ನ ಕೈಯ ಮೇಲೆ ಇಟ್ಟಳು. ಮಣಿಕಟ್ಟು ಒಳಗೆ. ಹೆಬ್ಬೆರಳು ಬುಡದಿಂದ ಹೊರಗೆ. ಆಮೇಲೆ ಕಾಯಬೇಕು. ‘ಅವಸರ ಮಾಡಬ್ಯಾಡ್ರಿ. ನಿಮ್ಮ ಹತ್ತಿ ಇದ್ದಂಗ ಅದು, ಎಳಿ ಎಳಿ ಬಿಡಸಬೇಕು.’ ನೋವು ಭುಜದವರೆಗೆ ಹತ್ತಿತು. ಕೂಗಿದೆ, ಹೂಂ ಎಂದು. ಖೈರುನಬಿ ಬಿಡಲಿಲ್ಲ. ಬೆರಳುಗಳು ಒಂದೊಂದಾಗಿ ಎದ್ದವು.

ನಾಲ್ಕು ತಿಂಗಳಲ್ಲಿ ನನ್ನ ಅಂಗೈಯನ್ನು ಪೂರ್ತಿ ನೋಡಿರಲಿಲ್ಲ. ಬಿಸಿಲು ಕಾಣದ ಗಿಡದ ಬೇರಿನಂತೆ ಬೆಳ್ಳಗೆ, ತೇವವಾಗಿ, ಸುಕ್ಕುಸುಕ್ಕು. ನಾಲ್ಕು ಉಗುರುಗಳ ನಾಲ್ಕು ಕೆಂಪು ಗುಳಿ. ಅವುಗಳ ನಡುವೆ ಚೆಂಡಿನ ಹೊಲಿಗೆಯ ಅಚ್ಚು, ಖೈರುನಬಿಯ ಸಣ್ಣ, ಓರಣವಾದ ಟಾಕುಗಳು, ನನ್ನ ಮಾಂಸದ ಮೇಲೆ. ಅವಳು ಅದನ್ನು ಹೆಬ್ಬೆರಳಿನಿಂದ ಒರೆಸಿದಳು. ಹೋಗಲಿಲ್ಲ.

‘ಈಗ ನೀವ ಹಿಡೀಬ್ಯಾಡ್ರಿ. ಬಿಡ್ರಿ. ಎಷ್ಟೊತ್ತ ತೆರದಿರ್ತೈತಿ ಎಣಸ್ರಿ’ ಎಂದು ನಾಗರತ್ನಾ ಮುಂದಿನ ರೋಗಿಯ ಕಡೆ ತಿರುಗಿದಳು.

ಖೈರುನಬಿ ಕೈ ತೆಗೆದಳು. ‘ಒಂದು’ ಎಂದಳು. ಬೆರಳುಗಳು ನಡುಗಿದವು. ‘ಎರಡು.’ ಮಡಚತೊಡಗಿದವು. ಮೂರು ಎನ್ನುವಷ್ಟರಲ್ಲಿ ಮುಷ್ಟಿ ಮುಚ್ಚಿತ್ತು. ಮತ್ತೆ ಮಣಿಕಟ್ಟು, ಮತ್ತೆ ಹೆಬ್ಬೆರಳು. ಒಂದು. ಎರಡು. ಮುಚ್ಚಿತು. ಮತ್ತೆ. ಅವಳ ಹಣೆಯ ಬೆವರು ನನ್ನ ಅಂಗೈಗೆ ಬಿತ್ತು. ಒಂದು. ಎರಡು. ಇಲಿಯಾಸ ಗೋಡೆ ಬಿಟ್ಟು ಬಂದು ನನ್ನ ಮೊಣಕೈಯನ್ನು ಕೆಳಗಿನಿಂದ ಆತುಕೊಂಡ. ಅವನ ಕೈ ತಣ್ಣಗಿತ್ತು. ನಾನು ಅದನ್ನು ಎಡಗೈಯಿಂದ ಮುಟ್ಟಿದೆ, ಅವನು ಸರಿಸಲಿಲ್ಲ.

ಎಷ್ಟು ಸಲ ಮಾಡಿದಳೋ ಗೊತ್ತಿಲ್ಲ. ಮೂರನ್ನು ಒಮ್ಮೆಯೂ ಮುಟ್ಟಲಿಲ್ಲ. ಬೆಂಚಿನ ಆ ತುದಿಯಲ್ಲಿ ಶಾಹಿಸ್ತಾಳ ಬೆನ್ನ ಹಿಂದಿನಿಂದ ಅರ್ಧ ಮುಖ ಹೊರಗೆ ಹಾಕಿ ಆಯೇಶಾ ನೋಡುತ್ತಿದ್ದಳು. ನನ್ನ ಕೈ ಮತ್ತೊಮ್ಮೆ ತೆರೆಯಿತು. ಖೈರುನಬಿಗೆ ಎಣಿಸುವ ದನಿ ಉಳಿದಿರಲಿಲ್ಲ. ಆ ಮೂಲೆಯಿಂದ ಸಣ್ಣ ದನಿ ಬಂತು, ನನ್ನ ಹತ್ತಿರ ಬರದೆ, ಬೆರಳನ್ನು ಎದೆಗೊತ್ತಿಕೊಂಡೇ:

‘ಒಂದು. ಎರಡು. ನಾಕು.’

ಆಮೇಲೆ ಕೈ ಮುಚ್ಚಿತು.